ಜೀತದಾಳು ಕಾಣಲಿಲ್ಲ, ನಮ್ಮ ಬೀರು ಕಂಡಿತು

ಮಾನ್ಯ ಸಂಪಾದಕರೇ,

ರಿಂಗ್ ರಸ್ತೆ ಪಕ್ಕದ ಗುಜರಿ ಶೆಡ್ಡಿನಲ್ಲಿ ಜೀತಕ್ಕಿದ್ದ ಒಂಬತ್ತು ಜನರನ್ನು ಬಿಡಿಸಿದ ಸುದ್ದಿಯನ್ನು ಶುಕ್ರವಾರ ಮುಖಪುಟದಲ್ಲೇ ಹಾಕಿದ್ದೀರಿ. ಫೋಟೊ ಚೆನ್ನಾಗಿ ಬಂದಿದೆ. ಅಧಿಕಾರಿಗಳೆಲ್ಲ ಮದುವೆ ಮನೆಯವರ ಹಾಗೆ ಸಾಲಾಗಿ ನಿಂತಿದ್ದಾರೆ. ಅವರ ಹಿಂದೆ ಲಾರಿಯಲ್ಲಿ ಅರ್ಧ ಕಾಣುತ್ತಿದೆಯಲ್ಲ, ಆ ತೇಗದ ಬೀರು ನಮ್ಮ ಅತ್ತೆಯದು.

ಅತ್ತೆ ತೀರಿಕೊಂಡು ಮೂರು ತಿಂಗಳಾಯಿತು. ಅವರಿದ್ದದ್ದು ಬಾಡಿಗೆ ಮನೆ. ತಿಂಗಳ ಕೊನೆಗೆ ಬೀಗದ ಕೈ ಕೊಡಬೇಕಿತ್ತು. ನಲವತ್ತು ವರ್ಷದ ಸಾಮಾನು, ಎತ್ತಿಡಲು ಮನೆಯಲ್ಲಿ ನಾವಿಬ್ಬರೇ. 'ಮನೆ ಖಾಲಿ ಮಾಡಿಕೊಡುತ್ತೇವೆ, ಹಳೇ ಸಾಮಾನು ಕೊಳ್ಳುತ್ತೇವೆ' ಎಂದು ಕಂಬಕ್ಕೊಂದು ಚೀಟಿ ಅಂಟಿಸಿದ್ದಾರಲ್ಲ, ಅದನ್ನು ನೋಡಿ ಫೋನ್ ಮಾಡಿದೆ. ಕಂಬಕ್ಕೆ ಹೀಗೆ ಚೀಟಿ ಅಂಟಿಸಬಾರದು ಎಂದು 1981ರಲ್ಲೇ ಕಾನೂನಾಗಿದೆ. ನಾನು ನಂಬರ್ ಬರೆದುಕೊಂಡ ಕಂಬ ಇರುವುದು ವಾರ್ಡ್ ಕಚೇರಿಯ ಬಾಗಿಲ ಮುಂದೆ. ಇರಲಿ.

ಮೂರು ಕಡೆ ವಿಚಾರಿಸಿದೆ. ಇವನ ರೇಟು ಉಳಿದವರ ಅರ್ಧ. ಅದರಲ್ಲೂ ಐನೂರು ಚೌಕಾಸಿ ಮಾಡಿದೆ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಐದು ಸಾವಿರ ಮುಂಗಡ ಕೊಟ್ಟೆ.

ಭಾನುವಾರ ನಾಲ್ವರು ಆಳುಗಳ ಜೊತೆ ಮೇಸ್ತ್ರಿ ಬಂದ. ಯಾವ ಊರಪ್ಪ ಎಂದು ಯಾರನ್ನು ಕೇಳಿದರೂ ಉತ್ತರ ಮೇಸ್ತ್ರಿಯ ಬಾಯಿಂದ. ಕಾಫಿ ಕೊಟ್ಟರೆ ಲೋಟ ಮುಟ್ಟುವ ಮೊದಲು ಅವನ ಮುಖ ನೋಡುತ್ತಿದ್ದರು. ಒಬ್ಬನ ಅಂಗೈಗೆ ಗಾಜು ಕುಯ್ದು ರಕ್ತ ಸುರಿಯಿತು. ಅತ್ತೆಯ ಹಳೇ ಸೀರೆಯ ಚೂರು ಸುತ್ತಿಕೊಂಡು ಹಾಗೇ ಮಂಚ ಎತ್ತಿದ. ಮೇಸ್ತ್ರಿ ಬೀಡಿ ಸೇದಲು ಗೇಟಿನಾಚೆ ಹೋದಾಗ, ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದು, 'ಅಮ್ಮಾ, ಊರಿಗೆ ಒಂದು ಫೋನ್ ಮಾಡ್ಲಾ?' ಅಂದ. ಅಪ್ಪ ಮೂವತ್ತು ಸಾವಿರ ಮುಂಗಡ ತೆಗೆದುಕೊಂಡಿದ್ದಾನಂತೆ. ಅದು ತೀರುವ ತನಕ ಇವನನ್ನು ಊರಿಗೆ ಬಿಡುವುದಿಲ್ಲವಂತೆ. ಎರಡು ವರ್ಷ ದುಡಿದರೂ ಊಟದ್ದು, ಶೆಡ್ಡಿನ ಬಾಡಿಗೆಯದು ಅಂತ ಸೇರಿಸಿ ಸೇರಿಸಿ ಸಾಲ ಜಾಸ್ತಿಯೇ ಆಗಿದೆಯಂತೆ. ಆಧಾರ್ ಕಾರ್ಡು ಮೇಸ್ತ್ರಿ ಹತ್ತಿರ. ಫೋನ್ ರಿಂಗಾಗುವಷ್ಟರಲ್ಲಿ ಮೇಸ್ತ್ರಿ ಬಂದ. ಹುಡುಗ ಮೊಬೈಲನ್ನು ಕಿಟಕಿ ಮೇಲಿಟ್ಟು ಹೋದ.

ಮರುದಿನ ಬೆಳಿಗ್ಗೆಯೇ ಫೋನ್ ಹಿಡಿದು ಕೂತೆ. ಮೊದಲನೇ ಕಚೇರಿ, 'ನಮ್ಮ ವ್ಯಾಪ್ತಿಗೆ ಬರಲ್ಲ' ಅಂದಿತು. ಎರಡನೆಯದು, 'ಅರ್ಜಿ ಬರೆದು ಟಪಾಲಿಗೆ ಕೊಡಿ' ಅಂದಿತು. ಮೂರನೆಯವರು ತಿಳಿದವರು. 'ಜೀತ ಅಂದ್ರೆ ಹಳ್ಳಿ ಕಡೆ, ಹೊಲದಲ್ಲಿ ಇರೋದು ಮೇಡಂ. ಇದು ಸುಮ್ನೆ ಕೆಲಸ ಅಲ್ವಾ? ಸಾಲ ತಗೊಂಡ ಮೇಲೆ ತೀರಿಸ್ಬೇಕು' ಎಂದು ನನಗೇ ಪಾಠ ಮಾಡಿದರು.

ಅವರಿಗೆ ನನ್ನ ಮಗಳಿಂದ ಪಾಠ ಹೇಳಿಸಬೇಕು. ಅವಳು ಕಾನೂನು ಓದುತ್ತಿದ್ದಾಳೆ. ಜೀತ ಪದ್ಧತಿ ರದ್ದಾದದ್ದು 1976ರ ಕಾಯ್ದೆಯಲ್ಲಿ, ನಮ್ಮಲ್ಲಿ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ. ಅದರಲ್ಲಿ ಹಳ್ಳಿ, ಪೇಟೆ ಅಂತ ಭೇದ ಇಲ್ಲ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕಿದರೆ ಆ ಸಾಲವೇ ರದ್ದು. ಇದು ಜೀತದ ಸಾಲ ಅಲ್ಲ ಎಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು, ಆಳಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೂ ಅದು ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತ ಸಮಿತಿ ಇರಬೇಕು ಅಂತಲೂ ಆ ಕಾಯ್ದೆಯಲ್ಲೇ ಇದೆ. ನಮ್ಮ ಸಮಿತಿ ಎಲ್ಲಿ ಜಾಗೃತವಾಗಿದೆಯೋ ಗೊತ್ತಿಲ್ಲ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಎರಡೇ ಸಾವಿರ! ಬೀರು ಸಾಗಿಸಲು ನಾನು ಕೊಟ್ಟ ಮುಂಗಡವೇ ಅದಕ್ಕಿಂತ ಜಾಸ್ತಿ.

ಉಳಿದ ಸಾಮಾನನ್ನು ನಮ್ಮ ಮನೆಗೆ ತರಲು ಹತ್ತು ದಿನ ಬಿಟ್ಟು ಮತ್ತೆ ಅವರೇ ಬಂದರು. ಯಾಕೆ ಕರೆಸಿದಿರಿ ಎನ್ನಬೇಡಿ, ಮುಂಗಡ ಅವನ ಕೈಯಲ್ಲಿತ್ತು. ಆ ಹುಡುಗ ಬಂದಿರಲಿಲ್ಲ. ಕೇಳಿದರೆ 'ಹುಷಾರಿಲ್ಲ' ಅಂದ ಮೇಸ್ತ್ರಿ. ಸಂಜೆಯಾಯಿತು, ನಾಳೆ ಇಳಿಸುತ್ತೇವೆ ಎಂದು ತುಂಬಿದ ಲಾರಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿದರು. ಬೆಳಗಿನ ಜಾವ ದಾಳಿ. ಲಾರಿ ಜಪ್ತಿ. ಮಹಜರಿನಲ್ಲಿ ನಮ್ಮ ಬೀರು 'ಹಳೆಯ ಮರದ ಕಪಾಟು-1'. ಅದರೊಳಗೆ ಅತ್ತೆಯ ಮರಣ ಪತ್ರ, ಬ್ಯಾಂಕ್ ಪಾಸ್‌ಬುಕ್ ಇವೆ. ಮರಣ ಪತ್ರ ಇಲ್ಲದೆ ಬ್ಯಾಂಕಿನವರು ಮಾತೇ ಆಡುವುದಿಲ್ಲ. ಠಾಣೆಗೆ ನಾಲ್ಕು ಸಲ ಹೋದೆ, ನಾಲ್ಕು ದಿನ ರಜೆ ಹೋಯಿತು. 'ಕೋರ್ಟಿನಿಂದ ಬಿಡಿಸಿಕೊಳ್ಳಿ' ಎನ್ನುತ್ತಾರೆ. ಮರಣ ಪತ್ರದ ಇನ್ನೊಂದು ಪ್ರತಿ ಕೇಳಿದರೆ ಸರ್ವರ್ ಡೌನ್. ಇದೇ ಸರ್ವರು ಹೋದ ವರ್ಷ ನಮ್ಮ ಖಾತಾ ವಿಷಯದಲ್ಲಿ ಏಳು ತಿಂಗಳು ಮಲಗಿತ್ತು. ಚರಂಡಿಯ ಚಪ್ಪಡಿ ಮುರಿದು ಎರಡು ಮಳೆಗಾಲ ಕಳೆಯಿತು, ಅದಕ್ಕಂತೂ ಸರ್ವರೂ ಬೇಕಿಲ್ಲ.

ಠಾಣೆಯಲ್ಲಿ ಒಬ್ಬರು ನನ್ನನ್ನೇ ಕೇಳಿದರು: 'ವಿದ್ಯಾವಂತರು ನೀವು, ಕಂಡ ಕೂಡಲೇ ಯಾಕೆ ತಿಳಿಸಲಿಲ್ಲ?' ಮೊಬೈಲ್ ತೆಗೆದು ಮೂರು ಕಚೇರಿಗೆ ಮಾಡಿದ ಕರೆಗಳ ದಿನ, ಗಂಟೆ ತೋರಿಸಿದೆ. 'ಅದು ಬೇರೆ ಇಲಾಖೆ' ಅಂದರು.

ಶೆಡ್ಡು ಇರುವುದು ಮುಖ್ಯ ರಸ್ತೆಯಲ್ಲಿ. ಕರೆಂಟ್ ಬಿಲ್ ಕೊಡಲು, ಲೈಸೆನ್ಸ್ ಕೇಳಲು, ಹಬ್ಬಕ್ಕೆ ಮಾಮೂಲು ವಸೂಲಿಗೆ ಎಲ್ಲರೂ ಅಲ್ಲಿಗೆ ಹೋಗಿ ಬಂದವರೇ. ಒಬ್ಬರಾದರೂ ಹಾಜರಿ ಪುಸ್ತಕ ಕೇಳಿದ್ದಾರಾ? ಕೂಲಿ ಯಾರ ಖಾತೆಗೆ ಹೋಗುತ್ತದೆ, ರಾತ್ರಿ ಶೆಡ್ಡಿಗೆ ಹೊರಗಿನಿಂದ ಬೀಗ ಯಾಕೆ ಎಂದು ಕೇಳಿದ್ದಾರಾ?

ನಿಮ್ಮ ವರದಿಯಲ್ಲೂ ಒಂದು ಮಾತಿಲ್ಲ. ಆ ಒಂಬತ್ತು ಜನರಿಗೆ ಬಿಡುಗಡೆ ಪತ್ರ ಕೊಟ್ಟರೋ ಇಲ್ಲವೋ? ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಜೀತದಿಂದ ಬಿಡಿಸಿದ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ ರೂಪಾಯಿ ಇದೆ. ಆ ಪತ್ರ ಕೈಯಲ್ಲಿಲ್ಲದೆ ಊರಿಗೆ ಬಸ್ ಹತ್ತಿಸಿದರೆ, ಇನ್ನೊಬ್ಬ ಮೇಸ್ತ್ರಿ ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿರುತ್ತಾನೆ.

ಫೋಟೊದಲ್ಲಿ ಆ ಹುಡುಗನನ್ನು ಹುಡುಕಿದೆ. ಕಾಣಲಿಲ್ಲ. ಅವನು ಎಲ್ಲಿ ಎಂದು ಸಂಬಂಧಪಟ್ಟವರು ಹೇಳಬೇಕು. ನನ್ನ ಬೀರುವನ್ನೂ ಕೊಡಬೇಕು. ಊರಿನ ಎಲ್ಲ ಗುಜರಿ ಶೆಡ್ಡುಗಳನ್ನೂ ತಪಾಸಣೆ ಮಾಡಬೇಕು, ಇಲ್ಲವೇ ತಪಾಸಣೆ ಮಾಡದ ಅಧಿಕಾರಿಗಳನ್ನು ತಪಾಸಣೆ ಮಾಡಬೇಕು. ಅದೂ ಆಗದಿದ್ದರೆ ಫೋನಾದರೂ ಎತ್ತಲಿ, ಸಂಬಳ ತೆಗೆದುಕೊಳ್ಳುವುದಿಲ್ಲವೇ?

ಬೀರುವಿನ ಬೀಗದ ಕೈ ನನ್ನ ಹತ್ತಿರ ಇದೆ. ಒಡೆಯಬೇಡಿ ಎಂದು ಠಾಣೆಯಲ್ಲಿ ಮೂರು ಸಲ ಹೇಳಿ ಬಂದಿದ್ದೇನೆ, ಇದು ನಾಲ್ಕನೇ ಸಲ.

– ನೊಂದ ಓದುಗಳು, ಎರಡನೇ ಹಂತ