ಹರಿಗೋಲು ಈ ವರ್ಷ ನಿನ್ನ ಕೈಯಲ್ಲಿ

ಕಲಬುರಗಿ,
ಕಾರ್ತಿಕ ಮಾಸ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಈ ವರ್ಷ ಹರಿಗೋಲಿನ ಸರದಿ ನಮ್ಮ ಮನೆಗೆ ಬಂದಿದೆ, ಅದನ್ನು ನೀನೇ ನೋಡಿಕೊಳ್ಳುತ್ತೀಯ ಎಂದು ನಿನ್ನ ಅಪ್ಪ ನಿನ್ನೆ ಫೋನಿನಲ್ಲಿ ಹೇಳಿದ. ಆಗ ನಾನು ಹೆಚ್ಚು ಮಾತನಾಡಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನಿನ್ನ ಅಣ್ಣನ ಮನೆಯ ಮೂರನೆಯ ಮಹಡಿಯಲ್ಲಿ ಕುಳಿತಿದ್ದೇನೆ. ಕಿಟಕಿ ತೆರೆದರೆ ನೀರಿನ ಟ್ಯಾಂಕುಗಳು ಕಾಣುತ್ತವೆ, ಹೊಳೆ ಕಾಣುವುದಿಲ್ಲ. ರಾತ್ರಿ ನಿದ್ದೆ ಬಾರದೆ ಎದ್ದು ಈ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದ ಮಾತು ಅರ್ಧ ಮರೆತುಹೋಗುತ್ತದೆ. ಕಾಗದವಾದರೆ ದೇವರ ಮನೆಯ ಮಾಡದಲ್ಲಿ ಇಟ್ಟುಕೊಂಡು ಬೇಕಾದಾಗ ತೆಗೆದು ಓದಬಹುದು.

ಮಳೆಗಾಲದಲ್ಲಿ ಹರಿಗೋಲನ್ನು ಯಾರೂ ಮರೆಯುವುದಿಲ್ಲ. ಮೇಲಿನ ಬಸವಸಾಗರ ಅಣೆಕಟ್ಟಿನ ಗೇಟು ತೆಗೆದರೆಂದು ತಿಳಿದರೆ ಸಾಕು, ಐದೂ ಮನೆಯವರು ದಂಡೆಗೆ ಓಡಿಬಂದು ಅದನ್ನು ಮೇಲಕ್ಕೆ ಹೊತ್ತೊಯ್ಯುತ್ತಾರೆ. ಅದು ಕೆಡುವುದು ಚಳಿಗಾಲದಲ್ಲಿ. ಹೊಳೆ ಸೊರಗುತ್ತದೆ, ಬಂಡೆಗಳು ಬೆನ್ನು ತೋರಿಸುತ್ತವೆ, ಎಲ್ಲರಿಗೂ ರಾಶಿಯ ಚಿಂತೆ. ಐದು ಮನೆಯ ವಸ್ತುವಾದ್ದರಿಂದ ಐವರೂ ‘ಇನ್ನೊಬ್ಬ ನೋಡಿರುತ್ತಾನೆ’ ಎಂದುಕೊಳ್ಳುತ್ತಾರೆ. ಗೆದ್ದಲಿಗೆ ಬೇಕಾದದ್ದು ಅಷ್ಟೇ.

ನಿನಗೆ ಇದುವರೆಗೆ ಹೇಳದ ಒಂದು ಸಂಗತಿಯನ್ನು ಹೇಳುತ್ತೇನೆ. ಅದು ನೀನು ಹುಟ್ಟುವ ಮೊದಲು ನಡೆದದ್ದು. ಆ ವರ್ಷ ಸರದಿ ನಮ್ಮದಾಗಿರಲಿಲ್ಲ. ನಾನು ದಿನವೂ ಶಾಲೆಗೆ ಹೋಗುವ ಹಾದಿಯಲ್ಲಿ, ಹುಣಸೆ ಮರದ ಕೆಳಗೆ ಹರಿಗೋಲು ಮಗುಚಿ ಬಿದ್ದಿರುತ್ತಿತ್ತು. ಅಂಚು ನೆಲಕ್ಕೆ ತಾಗಿದೆ, ಕೆಳಗೆ ಕಲ್ಲು ಕೊಟ್ಟಿಲ್ಲ ಎಂಬುದು ಕಣ್ಣಿಗೆ ಕಾಣುತ್ತಲೇ ಇತ್ತು. ಸರದಿಯವನಿಗೆ ಹೇಳಿದರೆ ಬೇಸರ ಮಾಡಿಕೊಂಡಾನು, ನಾನೇ ನಾಲ್ಕು ಕಲ್ಲು ಇಟ್ಟರೆ ‘ನಿನಗೇಕೆ ಇದರ ಉಸಾಬರಿ’ ಎಂದಾನು ಎಂದು ಸುಮ್ಮನಿದ್ದೆ. ಮಾಘ ಕಳೆಯಿತು, ಫಾಲ್ಗುಣ ಕಳೆಯಿತು. ಆಷಾಢದಲ್ಲಿ ಒಂದು ದಿನ ಅವ್ವ ಎರಡು ಎಮ್ಮೆ ಹೊಡೆದುಕೊಂಡು ಹೊಳೆಯ ನಡುವಿನ ಗಡ್ಡಿಯ ಹೊಲದಲ್ಲಿದ್ದಾಗ ಮೇಲಿನಿಂದ ನೀರು ಬಿಟ್ಟರು. ನಾವು ನಾಲ್ವರು ಓಡಿಹೋಗಿ ಹರಿಗೋಲಿಗೆ ಕೈ ಹಾಕಿ ಎತ್ತಿದೆವು. ಅಂಚು ಮಾತ್ರ ಕೈಗೆ ಬಂತು. ಒಳಗಿನ ಹೆಣಿಗೆಯೆಲ್ಲ ಮಣ್ಣಾಗಿ, ಡಾಂಬರಿನ ಹೊದಿಕೆ ಒಂದೇ ಹರಿಗೋಲಿನ ಆಕಾರದಲ್ಲಿ ನಿಂತಿತ್ತು. ಅವ್ವ ಆ ರಾತ್ರಿಯನ್ನು ಗಡ್ಡಿಯ ದಿಬ್ಬದ ಮೇಲೆ ಮಳೆಯಲ್ಲಿ ಎಮ್ಮೆಗಳ ನಡುವೆ ಕುಳಿತು ಕಳೆದಳು. ಮರುದಿನ ಮಧ್ಯಾಹ್ನ ಕೆಳಗಿನ ಊರಿನ ಅಂಬಿಗರು ತಮ್ಮ ಹರಿಗೋಲು ತಂದು ಅವಳನ್ನು ಕರೆತಂದರು. ದಂಡೆಗೆ ಇಳಿದವಳು ಯಾರನ್ನೂ ಬೈಯಲಿಲ್ಲ. ನನ್ನ ಮುಖ ನೋಡಿ, “ನೀನು ದಿನಾ ಅದೇ ಹಾದಿಯಲ್ಲಿ ಹೋಗುತ್ತಿದ್ದೆಯಲ್ಲ, ಮಗನೇ” ಎಂದಳು. ಅವಳು ತೀರಿಕೊಂಡು ಹದಿನೆಂಟು ವರ್ಷವಾಯಿತು. ಆ ಮಾತು ಇನ್ನೂ ನನ್ನೊಳಗಿದೆ. ಅಂದಿನಿಂದ ಸರದಿ ಯಾರದೇ ಇರಲಿ, ವಾರಕ್ಕೊಮ್ಮೆ ಹೋಗಿ ಹರಿಗೋಲನ್ನು ಮುಟ್ಟಿ ನೋಡದೆ ಇದ್ದವನಲ್ಲ ನಾನು.

ಆದ್ದರಿಂದ ಮೊದಲು ಕಲ್ಲಿನ ವಿಷಯವನ್ನೇ ಹೇಳುತ್ತೇನೆ. ಬೋನಾಳ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿವೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನದಿಂದ ಹರಿಗೋಲು ರಾತ್ರಿ ನೀರಿನಲ್ಲಿ ಇರಬಾರದು. ಇದು ನಮ್ಮ ಅಪ್ಪ ಹಾಕಿಕೊಟ್ಟ ಲೆಕ್ಕ. ಸಂಜೆ ಕೆಲಸ ಮುಗಿದ ಮೇಲೆ ನಾಲ್ಕು ಜನ ಸೇರಿ ಎತ್ತಿ ತನ್ನಿ. ಎಳೆಯಬೇಡಿ. ಎಳೆದರೆ ದಂಡೆಯ ಗರಸಿಗೆ ತಳದ ಡಾಂಬರು ಕಿತ್ತುಬರುತ್ತದೆ. ಮಗುಚಿ, ನಾಲ್ಕು ಕಡೆ ಮೊಳದೆತ್ತರದ ಕಲ್ಲು ಕೊಟ್ಟು, ಗಾಳಿ ಆಡುವಂತೆ ಇಡು. ಕಲ್ಲಿನ ಸುತ್ತ ಒಲೆಯ ಬೂದಿ ಉದುರಿಸು. ಬೂದಿ ಗೆದ್ದಲನ್ನು ಕೊಲ್ಲುತ್ತದೆ ಎಂದಲ್ಲ, ಅದರ ಮಣ್ಣಿನ ಗೆರೆ ಬೂದಿಯ ಮೇಲೆ ಬೇಗ ಕಣ್ಣಿಗೆ ಬೀಳುತ್ತದೆ. ಗೆರೆ ಕಂಡರೆ ಅಂದೇ ಒಡೆದು ಹಾಕಿ ಜಾಗ ಬದಲಿಸು. ಜಾಲಿಯ ಕೆಳಗೆ ಮಾತ್ರ ಇಡಬೇಡ. ನೆರಳು ಚೆನ್ನಾಗಿದೆ ಎನಿಸಿದರೂ ಉದುರಿದ ಮುಳ್ಳು ತಳಕ್ಕೆ ಚುಚ್ಚಿಕೊಳ್ಳುತ್ತದೆ.

ಬೆಳಿಗ್ಗೆ ಎತ್ತುವ ಮೊದಲು ಕೋಲಿನಿಂದ ತಳದ ಮೇಲೆ ನಾಲ್ಕು ಬಾರಿ ಬಡಿ, ಸ್ವಲ್ಪ ಹೊತ್ತು ದೂರ ನಿಲ್ಲು. ಚಳಿಗೆ ಬೆಚ್ಚನೆಯ ಜಾಗ ಹುಡುಕಿಕೊಂಡು ಇಲಿ ಬರುತ್ತದೆ, ಇಲಿಯ ಹಿಂದೆ ಕೊಳಕುಮಂಡಲ ಬರುತ್ತದೆ. ಎತ್ತುವಾಗಲೂ ನಿನ್ನ ಕಡೆಯ ಅಂಚನ್ನು ಎತ್ತಬೇಡ. ಕೈಚಾಚಿ ಆಚೆಯ ಅಂಚನ್ನು ಹಿಡಿದು ನಿನ್ನತ್ತ ಎತ್ತು, ಒಳಗಿದ್ದದ್ದು ಆಚೆಗೇ ಹೋಗುತ್ತದೆ. ಹುಟ್ಟುಗಳನ್ನು ಹರಿಗೋಲಿನ ಕೆಳಗೆ ಇಟ್ಟು ಬರುವ ಚಾಳಿ ನಮ್ಮವರಲ್ಲಿ ಕೆಲವರಿಗೆ ಇದೆ. ನೀನು ಮನೆಗೆ ತಂದು ಇಡು. ಹರಿಗೋಲಿಗೆ ಬೀಗವಿಲ್ಲ, ಹುಟ್ಟೇ ಅದರ ಬೀಗ.

ಈಗ ಡಾಂಬರು. ನನ್ನ ಅಜ್ಜನ ಕಾಲದಲ್ಲಿ ಬಿದಿರಿನ ಹೆಣಿಗೆಗೆ ಎಮ್ಮೆಯ ತೊಗಲು ಹೊದಿಸುತ್ತಿದ್ದರು. 500 ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿಗರು ಆನೆಗೊಂದಿಯ ಹತ್ತಿರ ತುಂಗಭದ್ರೆಯಲ್ಲಿ ಕಂಡದ್ದೂ ಬುಟ್ಟಿಗೆ ತೊಗಲು ಹೊದಿಸಿದ ಇಂಥದೇ ಹರಿಗೋಲು. ಶಾಲೆಯಲ್ಲಿ ಈ ಪಾಠ ಮಾಡುವಾಗ ನಾನು ಮಕ್ಕಳನ್ನು ದಂಡೆಗೆ ಕರೆದುಕೊಂಡು ಹೋಗಿ ನಮ್ಮದನ್ನೇ ತೋರಿಸುತ್ತಿದ್ದೆ. ತೊಗಲು ಹೋಗಿ ಈಗ ಗೊಬ್ಬರದ ಚೀಲ, ತಾಡಪತ್ರಿ, ಮೇಲೆ ಡಾಂಬರು ಬಂದಿವೆ. ನಮ್ಮ ಸೀಮೆಯಲ್ಲಿ ಚಳಿಗಾಲವೆಂದರೆ ರಾತ್ರಿ ಮೈ ನಡುಗಿಸುವ ಚಳಿ, ಮಧ್ಯಾಹ್ನ ಸುಡುವ ಬಿಸಿಲು. ಡಾಂಬರು ರಾತ್ರಿ ಬಿಗಿದುಕೊಳ್ಳುತ್ತದೆ, ಹಗಲು ಸಡಿಲಾಗುತ್ತದೆ. ದಿನವೂ ಹೀಗೆಯೇ ನಡೆದು ಕೂದಲೆಳೆಯಂಥ ಬಿರುಕು ಬಿಡುತ್ತದೆ. ಹೊರಗಿನಿಂದ ನೋಡಿದರೆ ಅದು ಕಾಣುವುದಿಲ್ಲ. ನೆತ್ತಿಯ ಮೇಲೆ ಸೂರ್ಯ ಬಂದಾಗ ಮಗುಚಿಟ್ಟ ಹರಿಗೋಲಿನ ಒಳಗೆ ನುಸುಳಿ ಕುಳಿತು ಮೇಲೆ ನೋಡು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಒಂದೊಂದೇ ಚುಕ್ಕೆ ಬೆಳಗುತ್ತದೆ. ಹೊರಗೆ ಒಬ್ಬನನ್ನು ನಿಲ್ಲಿಸಿ, ನೀನು ಒಳಗಿನಿಂದ ಕಡ್ಡಿಯಿಂದ ತಟ್ಟಿದ ಕಡೆಯೆಲ್ಲ ಸುಣ್ಣದ ಗುರುತು ಹಾಕಿಸು.

ಡಾಂಬರು ಬಳಿಯುವುದು ಹನ್ನೊಂದು ಗಂಟೆಯ ನಂತರ. ಅದಕ್ಕೆ ಮೊದಲು ಇಬ್ಬನಿಯ ತೇವ ಇರುತ್ತದೆ, ತೇವದ ಮೇಲೆ ಡಾಂಬರು ಹಿಡಿಯುವುದಿಲ್ಲ. ಬಯಲಿನಲ್ಲಿ ಕಾಯಿಸು. ಡಬ್ಬಿಯಲ್ಲಿ ನೀರಿನ ಹನಿ ಇದ್ದರೂ ಅದು ಉಕ್ಕಿ ಮೈಮೇಲೆ ಸಿಡಿಯುತ್ತದೆ. ತೆಳುವಾಗಲಿ ಎಂದು ಸೀಮೆಎಣ್ಣೆ ಸುರಿಯುವುದನ್ನು ಕೆಲವರು ಕಲಿಸುತ್ತಾರೆ, ಬೆಂಕಿಯ ಹತ್ತಿರ ಆ ಕೆಲಸ ಬೇಡವೇ ಬೇಡ. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪ ಒಳ್ಳೆಯದು. ದಪ್ಪ ಬಳಿದದ್ದು ಚೈತ್ರದ ಬಿಸಿಲಿಗೆ ಜಾರಿ ಅಂಚಿನಲ್ಲಿ ಗಂಟುಕಟ್ಟುತ್ತದೆ.

ಹೆಣಿಗೆಯ ಸೀಳು ಮುರಿದಿದ್ದರೆ ಹಸಿ ಬಿದಿರನ್ನು ಹಾಗೆಯೇ ತೂರಿಸಬೇಡ. ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟು, ಅದರ ಸಿಹಿ ರಸ ಇಳಿದುಹೋದ ಮೇಲೆ ನೆರಳಿನಲ್ಲಿ ಆರಿಸಿ ಹೆಣೆಯಬೇಕು. ಇಲ್ಲದಿದ್ದರೆ ಹುಳು ಹತ್ತುತ್ತದೆ. ಬೆಳಿಗ್ಗೆ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳು ಹತ್ತಿದೆ ಎಂದೇ ತಿಳಿ. ಹೆಣಿಗೆಗೆ ಬೇವಿನ ಎಣ್ಣೆ ಸವರು. ನಿನ್ನ ಕೈಗೆ ಆಗದ ಕೆಲಸವಾದರೆ ಮೇದಾರರನ್ನು ಕರೆಸು, ಕೂಲಿಗೆ ಚೌಕಾಸಿ ಮಾಡಬೇಡ.

ಫೈಬರಿನದು ಕೊಂಡರೆ ಇದ್ಯಾವುದೂ ಬೇಕಾಗಿಲ್ಲ ಎಂದು ನೀನು ಹೇಳಿದೆಯಂತೆ. ಅದು ತಪ್ಪು ಮಾತಲ್ಲ. ಫೈಬರಿಗೆ ಗೆದ್ದಲಿಲ್ಲ, ಹುಳುವಿಲ್ಲ, ಹಗುರ ಬೇರೆ. ಐದು ಮನೆಯವರು ಒಪ್ಪಿದರೆ ನನ್ನ ಪಾಲು ನಾನು ಕೊಡುತ್ತೇನೆ. ಆದರೆ ನಮ್ಮ ಹೊಳೆಯ ಬಂಡೆಗೆ ಬಡಿದರೆ ಅದೂ ಸೀಳುತ್ತದೆ, ಬಿಸಿಲಿಗೆ ಅದೂ ಪೆಡಸಾಗುತ್ತದೆ, ಸೀಳಿದಾಗ ತೇಪೆಯ ಸಾಮಾನಿಗೆ ಪಟ್ಟಣಕ್ಕೆ ಹೋಗಬೇಕು. ಯಾವುದನ್ನು ಕೊಂಡರೂ ಹೋಗಿ ನೋಡುವ ಕೆಲಸ ತಪ್ಪುವುದಿಲ್ಲ.

ನೀರಿನ ಮೇಲಿನ ಮಾತು ಇದಕ್ಕಿಂತ ದೊಡ್ಡದು. ಬಸವಸಾಗರದ ಪೂರ್ಣ ಮಟ್ಟ 492.25 ಮೀಟರ್. ಪತ್ರಿಕೆಯಲ್ಲಿ ಮಟ್ಟ ನೋಡಿ ‘ಡ್ಯಾಂ ಇಳಿಯುತ್ತಿದೆ, ಇನ್ನು ಹೊಳೆಗೆ ನೀರು ಬರುವುದಿಲ್ಲ’ ಎಂದು ಲೆಕ್ಕ ಹಾಕಬೇಡ. ಚಳಿಗಾಲದಲ್ಲಿ ಹೆಚ್ಚಿನ ನೀರು ಕಾಲುವೆಗೆ ಹೋಗುವುದು ನಿಜ. ಆದರೂ ಕೆಳಗಿನ ಊರುಗಳ ಕುಡಿಯುವ ನೀರಿಗೆಂದೋ, ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆಂದೋ ಹೊಳೆಗೆ ಬಿಡುವ ದಿನಗಳು ಇರುತ್ತವೆ. ದಂಡೆಯಲ್ಲಿ ಒಂದು ಕಲ್ಲಿಗೆ ಸುಣ್ಣದ ಗೆರೆ ಎಳೆದಿಡು. ಹೋಗುವಾಗ ನೋಡಿದ ಗೆರೆ ಬರುವಾಗ ಮುಳುಗಿದ್ದರೆ ಜನರನ್ನು ಹತ್ತಿಸಬೇಡ, ನೀರು ಒಂದೇ ಮಟ್ಟದಲ್ಲಿ ನಿಲ್ಲುವ ತನಕ ಕಾಯಿ. ಮರಳು ತೆಗೆದ ಗುಂಡಿಗಳು ಎಲ್ಲಿವೆ ಎಂದು ಮೀನು ಹಿಡಿಯುವವರನ್ನು ಕೇಳಿ ತಿಳಿದುಕೋ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟು ಆಳಕ್ಕೆ ಇಳಿಯುತ್ತಾನೆ.

ಮುಂಜಾನೆ ಮಂಜು ಬಿದ್ದಿದ್ದರೆ ಗಡ್ಡಿಯ ಬನ್ನಿ ಮರ ಕಾಣುವವರೆಗೂ ಹುಟ್ಟು ಹಾಕಬೇಡ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಅವಸರ ಮಾಡುತ್ತಾರೆ, ಹೊತ್ತಾದರೆ ಅವರ ಕೂಲಿ ಕಡಿತವಾಗುತ್ತದೆ. ಅದಕ್ಕೆ ನೀನು ಹೊಲದ ಮಾಲೀಕರೊಂದಿಗೆ ಮೊದಲೇ ಮಾತನಾಡಿ, ಮಂಜಿನ ದಿನ ಕೂಲಿ ಹಿಡಿಯಬಾರದು ಎಂದು ಒಪ್ಪಿಸಿಕೋ. ಆ ಹೆಣ್ಣುಮಕ್ಕಳಲ್ಲಿ ಬಹುತೇಕರಿಗೆ ಈಜು ಬರುವುದಿಲ್ಲ. ಈಜು ಬರುವವರ ಕೈಕಾಲು ಕೂಡ ಆ ಹೊತ್ತಿನ ನೀರಿನಲ್ಲಿ ಮರಗಟ್ಟುತ್ತದೆ. ಜೀವರಕ್ಷಕ ಜಾಕೆಟ್‌ಗಳನ್ನು ಈ ವರ್ಷ ಕೊಳ್ಳಲೇಬೇಕು. ಹಣ ಸಾಲದಿದ್ದರೆ ನನ್ನ ಪಿಂಚಣಿಯಿಂದ ತೆಗೆದುಕೋ, ಯಾರಿಗೂ ಹೇಳಬೇಕಾಗಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ನಿನ್ನ ನಿಜವಾದ ಪರೀಕ್ಷೆ. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಸಜ್ಜೆ ರೊಟ್ಟಿ, ಭಜ್ಜಿಯ ಬುಟ್ಟಿ ಹೊತ್ತ ಅತ್ತೆಯರು, ಚಿಕ್ಕಮ್ಮಂದಿರು, ಪಟ್ಟಣದಿಂದ ಬಂದ ಮಕ್ಕಳು, ಎಲ್ಲರೂ ಒಮ್ಮೆಗೇ ಹತ್ತುತ್ತಾರೆ. ನೀರಿನಿಂದ ಅಂಚಿಗೆ ಒಂದು ಗೇಣು ಒಣ ಜಾಗ ಉಳಿಯಲೇಬೇಕು. ಅಷ್ಟು ಉಳಿಯದಿದ್ದರೆ ಕೊನೆಗೆ ಹತ್ತಿದವರನ್ನು ಇಳಿಸು. ಅದು ನಿನ್ನ ಸೋದರಮಾವನೇ ಆಗಿರಲಿ, ಊರ ಗೌಡರೇ ಆಗಿರಲಿ, ಕೈಮುಗಿದು ಇಳಿಸು. ಬೇಸರ ಮಾಡಿಕೊಂಡಾರು ಎಂದು ಒಮ್ಮೆ ಸುಮ್ಮನಿದ್ದು ನಾನು ಪಟ್ಟದ್ದನ್ನು ಮೇಲೆ ಬರೆದಿದ್ದೇನೆ. ಆ ದಿನ ಅಂಚಿನ ಮೇಲೆ ಯಾರೂ ಕುಳಿತುಕೊಳ್ಳಬಾರದು, ಫೋಟೊ ತೆಗೆಯಲು ಯಾರೂ ಎದ್ದು ನಿಲ್ಲಬಾರದು.

ಬಿಸಿಲು ಕಾಯಲು ಮೊಸಳೆಗಳು ಮೇಲೆ ಬರುವ ಬಂಡೆ ನಿನಗೆ ಗೊತ್ತೇ ಇದೆ. ಆ ಕಡೆ ಹರಿಗೋಲು ಒಯ್ಯಬೇಡ. ಫೆಬ್ರವರಿಯ ಹೊತ್ತಿಗೆ ಅವು ಮರಳಿನಲ್ಲಿ ಮೊಟ್ಟೆ ಇಡಲು ಶುರುಮಾಡುತ್ತವೆ, ಹುಡುಗರು ಕೆದಕಲು ಹೋಗದಂತೆ ನೋಡಿಕೋ.

ಹಣದ ಲೆಕ್ಕವನ್ನು ವಹಿಯಲ್ಲಿ ಅಂದಂದೇ ಬರೆ. ಚೀಲ, ಡಾಂಬರು, ಕೂಲಿ ಎಲ್ಲವನ್ನೂ ಬರೆದು, ಜನವರಿ 21ರಂದು ಅಂಬಿಗರ ಚೌಡಯ್ಯನವರ ಜಯಂತಿಯ ಪೂಜೆ ಮುಗಿದ ಮೇಲೆ ಐದೂ ಮನೆಯವರ ಮುಂದೆ ಓದು. ಆದರೆ ನೀನು ಎಷ್ಟು ಸಲ ಹೋಗಿ ಕಲ್ಲು ಸರಿಮಾಡಿದೆ, ಯಾರು ಎತ್ತಲು ಬರಲಿಲ್ಲ ಎಂಬುದನ್ನು ವಹಿಯಲ್ಲಿ ಬರೆಯಬೇಡ, ಮನಸ್ಸಿನಲ್ಲಿಯೂ ಇಟ್ಟುಕೊಳ್ಳಬೇಡ. ಎರಡನೆಯ ಮನೆಯ ಅಜ್ಜನಿಗೆ ಕಣ್ಣು ಮಂಜಾಗಿದೆ, ಅವರಿಂದ ಕೆಲಸ ಆಗುವುದಿಲ್ಲ. ಅವರ ಪಾಲಿನ ಕೆಲಸವನ್ನು ನೀನು ಮಾಡು, ಹೆಣಿಗೆಯ ವಿಷಯ ಮಾತ್ರ ಅವರನ್ನೇ ಕೇಳು. ಬೆರಳಿನಿಂದ ಸವರಿಯೇ ಎಲ್ಲಿ ಸಡಿಲಾಗಿದೆ ಎಂದು ಅವರು ಹೇಳಬಲ್ಲರು. ಕೇಳಲು ಹೋದರೆ ಅವರಿಗೆ ಸಂತೋಷವಾಗುತ್ತದೆ.

ಸಂಕ್ರಾಂತಿಗೆ ನಿಮ್ಮ ಅವ್ವ ಗಂಗಮ್ಮನಿಗೆ ಉಡಿ ತುಂಬುವಾಗ ನಿನ್ನ ದೊಡ್ಡವ್ವನ ಹೆಸರಿನಲ್ಲಿಯೂ ಒಂದು ತೆಂಗಿನಕಾಯಿ ಒಡೆಸು. ಅವಳು ಇಲ್ಲಿ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಾ ದಿನಕ್ಕೆ ನಾಲ್ಕು ಸಲ ಊರನ್ನು ನೆನೆಯುತ್ತಾಳೆ.

ಈ ಭಾನುವಾರ ಬಿಸಿಲೇರಿದ ಮೇಲೆ ಹರಿಗೋಲಿನ ಒಳಗೆ ಕುಳಿತು, ತಳದ ಕಡೆ ಮೊಬೈಲ್ ಹಿಡಿದು ಚಿತ್ರ ತೆಗೆದು ನಿನ್ನ ಅಣ್ಣನ ಫೋನಿಗೆ ಕಳುಹಿಸು. ಚುಕ್ಕೆಗಳು ಎಷ್ಟಿವೆ, ಯಾವ ಬದಿಯಲ್ಲಿವೆ ಎಂದು ನೋಡಿ ಎಷ್ಟು ಡಾಂಬರು ತರಬೇಕೆಂದು ಹೇಳುತ್ತೇನೆ. ಒಳಗೆ ನುಸುಳುವ ಮೊದಲು ಕೋಲಿನಿಂದ ಬಡಿಯುವುದನ್ನು ಮರೆಯಬೇಡ.

ನಿನ್ನ ದೊಡ್ಡಪ್ಪ