ಮಗಳಿಗೊಂದು ಪತ್ರ: ಓಕ್ ದೀಪಕ್ಕೆ ಉಳಿ ಇಡುವ ಮೊದಲು

ಬದಿಯಡ್ಕ

ಪ್ರೀತಿಯ ಮಗಳೇ,

ಓಕ್ ಹಲಗೆ ತಂದಿಟ್ಟಿದ್ದೇನೆ, ಮೇಜಿನ ದೀಪವನ್ನೂ ಒಂದು ಸ್ಟೂಲನ್ನೂ ಮಾಡಿ ಊರಿಗೆ ತರುತ್ತೇನೆ ಎಂದು ಬರೆದಿದ್ದೀಯ. ಮದ್ದಳೆಯ ಕಳಸಿಗೆಗೆ, ಅಂದರೆ ಅದರ ಮರದ ಒಡಲಿಗೆ, ಒದಗುವ ನಮ್ಮ ಹಲಸು ದೀಪಕ್ಕೆ ಆಗುತ್ತಿರಲಿಲ್ಲವೇ? ಇರಲಿ, ತಂದದ್ದಾಯಿತು.

ಮೊದಲು ಅದು ಬಿಳಿ ಓಕೋ ಕೆಂಪು ಓಕೋ ನೋಡು. ಎಳೆಯುದ್ದಕ್ಕೆ ಒಂದಿಂಚಿನ ತುಂಡು ಕೊಯ್ದು, ಒಂದು ತುದಿಗೆ ಸೋಪಿನ ನೀರು ಸವರಿ ಇನ್ನೊಂದು ತುದಿಯಿಂದ ಊದು. ಗುಳ್ಳೆ ಎದ್ದರೆ ಕೆಂಪು. ಬಿಳಿಯದರ ರಂಧ್ರ ಒಳಗೇ ಮುಚ್ಚಿಕೊಂಡಿರುತ್ತದೆ, ಹಾಗಾಗಿ ನೀರಿನ ಪಸೆಗೆ ಅದೇ ವಾಸಿ.

ಬೆಂಗಳೂರಿನಲ್ಲಿ ಮಾಡಿದ್ದು ಇಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕೂರಬೇಕು, ತೊಡಕೆಲ್ಲ ಅಲ್ಲೇ. ಬಿಸಿಗೂಡಿನಲ್ಲಿ ಒಣಗಿಸಿ ಬಂದ ಓಕಿನಲ್ಲಿ ತೇವ ಶೇ. 8ರ ಆಸುಪಾಸು. ಇಲ್ಲಿ ಅದು 14ಕ್ಕೆ ಏರಿತು ಅನ್ನು: 300 ಮಿ.ಮೀ. ಅಗಲದ ಸಾಮಾನ್ಯ ಸೀಳಿನ ಹಲಗೆ ಅಡ್ಡಕ್ಕೆ ಸುಮಾರು 6 ಮಿ.ಮೀ. ಹಿಗ್ಗುತ್ತದೆ. ತಿರುಳಿನಿಂದ ಹೊರಕ್ಕೆ ನೇರ ಸೀಳಿದ ಹಲಗೆಯಾದರೆ ಅದರರ್ಧ. ಉದ್ದಕ್ಕೆ ಲೆಕ್ಕಕ್ಕಿಲ್ಲ. ಸ್ಟೂಲಿನ ಮೇಲುಹಲಗೆಯನ್ನು ಗೋಂದು ಹಾಕಿ ಚೌಕಟ್ಟಿಗೆ ಅಂಟಿಸಿದೆಯೋ, ಒಂದೋ ಹಲಗೆ ಸೀಳುತ್ತದೆ, ಇಲ್ಲವೇ ಕಾಲಿನ ಕಚ್ಚು (ಕೂಡಿಕೆ) ಬಿಡುತ್ತದೆ. ಅಡಿಯಿಂದ ಸ್ಕ್ರೂ ಹಾಕು. ಚೌಕಟ್ಟಿನ ತೂತನ್ನು ಹಲಗೆಯ ಅಡ್ಡಕ್ಕೆ 10 ಮಿ.ಮೀ. ಉದ್ದ ಮಾಡು, ಸ್ಕ್ರೂ ಅದರಲ್ಲಿ ಜಾರಲಿ.

ಕಚ್ಚಿನ ಅಳತೆ: ಅಡ್ಡಪಟ್ಟಿ 24 ಮಿ.ಮೀ. ದಪ್ಪವಿದ್ದರೆ ಅದರ ತುದಿಯ ನಾಲಿಗೆ 8 ದಪ್ಪ, 28 ಉದ್ದ, ನಾಲಿಗೆ ಕೂರುವ ಕಾಲಿನ ಗೂಡು 30 ಆಳ. ಕೈಯಲ್ಲಿ ಒತ್ತಿದರೆ ಹೋಗಬೇಕು, ತಲೆಕೆಳಗೆ ಹಿಡಿದರೆ ಬೀಳಬಾರದು. ಕೊಡತಿಯಲ್ಲಿ ಬಡಿದೇ ಕೂರಿಸುವಷ್ಟು ಬಿಗಿಯಾದರೆ ಗೋಂದೆಲ್ಲ ಹೊರಬಂದು ಕಚ್ಚು ಒಣಕಲಾಗುತ್ತದೆ.

ದೀಪದ ಕಂಬ 60 ಮಿ.ಮೀ. ಚೌಕ, 320 ಎತ್ತರ ಸಾಕು. ಅಷ್ಟುದ್ದ ತೂತು ಕೊರೆಯಲು ಹೋಗಬೇಡ, ಬೈರಿಗೆ ಎಳೆಯ ದಾರಿ ಹಿಡಿದು ಪಕ್ಕಕ್ಕೆ ಓಡುತ್ತದೆ. ಎರಡು ಸೀಳು ತೆಗೆದು, ಪ್ರತಿಯೊಂದರ ನಡುವೆ 10 ಅಗಲ, 5 ಆಳದ ಗಾಡಿ, ಅಂದರೆ ಉದ್ದದ ಕಾಲುವೆ, ತೋಡಿ, ಮುಖಾಮುಖಿ ಅಂಟಿಸು. ಅಂಟಿಸುವ ಮೊದಲು ಗಾಡಿಯಲ್ಲಿ ಮೇಣ ಉಜ್ಜಿದ ಹಗ್ಗ ಮಲಗಿಸಿ ನಡುವೆ ಒಂದು ಗಂಟು ಹಾಕು. ಕ್ಲಾಂಪ್ ಬಿಗಿದು ಕಾಲು ಗಂಟೆಯೊಳಗೆ ಆಚೀಚೆ ಎಳೆದರೆ ಒಳಗೆ ಇಳಿದ ಗೋಂದನ್ನು ಗಂಟು ಬಾಚಿಕೊಂಡು ಬರುತ್ತದೆ. ಮರೆತರೆ ಮರುದಿನ ವಯರ್ ತೂರದು. ಕೀಸುಳಿ ಹಿಡಿಯುವುದು ಒಂದು ದಿನ ಬಿಟ್ಟು.

ತಳ 180 ಚೌಕ, 35 ದಪ್ಪ. ಅದಕ್ಕಿಂತ ಕಿರಿದಾದರೆ ವಯರ್ ತಾಗಿದಾಗ ದೀಪ ಮಗುಚುತ್ತದೆ. ಅಡಿಯಲ್ಲಿ ವಯರಿಗೆ ಗಾಡಿ ತೋಡಿ, ಎಳೆದರೆ ಹೋಲ್ಡರಿಗೆ ತಾಗದಂತೆ ಒಳಗೆ ಒಂದು ಗಂಟು ಹಾಕು. ಹೋಲ್ಡರ್ ಬೇಕಲೈಟಿನದೇ ಇರಲಿ. ಲೋಹದ್ದಾದರೆ ಅರ್ಥ್ ತಂತಿ ಸೇರಿ ಮೂರು ಎಳೆಯ ವಯರ್ ಬೇಕು. ಬಲ್ಬ್ 7 ವ್ಯಾಟಿನ ಎಲ್‌ಇಡಿ. ಹಳೆಯ 60 ವ್ಯಾಟಿನದ್ದು ಮರವನ್ನು ಕಾಯಿಸಿ ಬಿರುಕು ಬಿಡಿಸುತ್ತದೆ.

ಓಕಿಗೆ ಕಬ್ಬಿಣ ಆಗದು. ಅದರ ಒಗರಿನಂಶ ತೇವದಲ್ಲಿ ಕಬ್ಬಿಣದೊಂದಿಗೆ ಸೇರಿದರೆ ನೀಲಿಗಪ್ಪು ಕಲೆ ಬೀಳುತ್ತದೆ, ಕ್ಲಾಂಪಿನ ಒದ್ದೆ ದವಡೆಯೂ ಸಾಕು. ನಡುವೆ ಕಾಗದ ಇಡು. ಉಜ್ಜುವ ಉಕ್ಕಿನ ನಾರನ್ನು (ಸ್ಟೀಲ್ ವುಲ್) ಹತ್ತಿರ ತರಬೇಡ. ಸ್ಕ್ರೂ ಹಿತ್ತಾಳೆಯದು, ಆದರೆ ಹಿತ್ತಾಳೆ ಓಕಿನಲ್ಲಿ ತಲೆ ಮುರಿದುಕೊಳ್ಳುತ್ತದೆ: 4 ಮಿ.ಮೀ. ಸ್ಕ್ರೂಗೆ 3ರ ತೂತು ಕೊರೆದು, ಅದೇ ಅಳತೆಯ ಉಕ್ಕಿನದನ್ನು ಮೊದಲು ತಿರುಗಿಸಿ ಹೊರತೆಗೆದು, ಆಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ಕೂರಿಸು.

ಮರಳುಕಾಗದ 120, 180, 240. ಬೇಗ ಒಣಗುವ ಬಾಯಿಲ್ಡ್ ಅಗಸೆ ಎಣ್ಣೆ ತೆಳ್ಳಗೆ ಮೂರು ಸಲ, ನಡುವೆ ಒಂದೊಂದು ದಿನ. ಅಡಿಭಾಗಕ್ಕೂ ಹಚ್ಚು, ಮೇಲೆ ಮಾತ್ರ ಹಚ್ಚಿದರೆ ತೇವ ಅಡಿಯಿಂದಲೇ ಹೆಚ್ಚು ಹೀರಿ ಹಲಗೆ ಬಾಗುತ್ತದೆ. ಎಣ್ಣೆಬಟ್ಟೆ ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಒಣಹಾಕು, ಇಲ್ಲವೇ ನೀರಿನ ಡಬ್ಬದಲ್ಲಿ ಮುಳುಗಿಸಿಡು.

ಮೇ ಕೊನೆಯ ಪತ್ತನಾಜೆ ಹಬ್ಬಕ್ಕೆ ಬರುವಾಗ ಉಳಿದ ತುಂಡುಗಳನ್ನು ಬಿಸಾಡದೆ ತಾ. ಎರಡು ಉಳಿಗೆ ಹಿಡಿ ಹಾಕುವುದಿದೆ.

ನಿನ್ನ
ಅಪ್ಪ