ಶನಿವಾರ ಬರುವ ಸಮುದ್ರ ಮೀನುಗಳ ಬಗ್ಗೆ ಸೂಚನೆ

ಎಲ್ಲರಿಗೂ ನಮಸ್ಕಾರ.

ನಾವು ಅಕ್ವೇರಿಯಂಗಾಗಿ ಒಟ್ಟಾಗಿ ತರಿಸಿದ ಮೀನುಗಳು ಈ ಶನಿವಾರ ಬೆಳಿಗ್ಗೆ ಬರಲಿವೆ. ಕ್ಲೌನ್, ಟ್ಯಾಂಗ್ ಜಾತಿಯ ಮೀನು ಕೇಳಿದವರು ದಯವಿಟ್ಟು ಪೂರ್ತಿ ಓದಿ.

ಯಾವ ಮೀನನ್ನೂ ನೇರವಾಗಿ ಮುಖ್ಯ ತೊಟ್ಟಿಗೆ ಬಿಡಬೇಡಿ. ಕನಿಷ್ಠ 30 ದಿನ ಬೇರೆ ಇಟ್ಟು ಗಮನಿಸಿ. ದೊಡ್ಡ ಏರ್ಪಾಡೇನೂ ಬೇಡ: ಮರಳು, ಕಲ್ಲುಗಳಿಲ್ಲದ ಬರಿಯ ತೊಟ್ಟಿ, ಸ್ಪಂಜ್ ಫಿಲ್ಟರ್, ಹೀಟರ್, ಅಡಗಲು ಪಿವಿಸಿ ಪೈಪಿನ ತುಂಡು. ಹಿಂದೊಮ್ಮೆ ಅವಸರಪಟ್ಟು ಒಂದು ಟ್ಯಾಂಗ್ ಬಿಟ್ಟು ನಾನು ಐದು ಮೀನು ಕಳೆದುಕೊಂಡಿದ್ದೇನೆ.

ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆ, ಏದುಸಿರು, ಮೈ ಉಜ್ಜಿಕೊಳ್ಳುವುದು ಕಂಡರೆ ಬಿಳಿಚುಕ್ಕೆ ರೋಗವೆಂದು ಶಂಕಿಸಿ. ಚುಕ್ಕೆ ಮಾಯವಾದರೆ ಗುಣವಾಯಿತೆಂದಲ್ಲ. ಕ್ರಿಪ್ಟೋಕ್ಯಾರಿಯಾನ್ ಎಂಬ ಆ ಪರಾವಲಂಬಿ ಮೀನಿನಿಂದ ಉದುರಿ, ತಳದಲ್ಲಿ ಕೋಶ ಕಟ್ಟಿಕೊಂಡು, ನೂರಾರಾಗಿ ಒಡೆದು ಮತ್ತೆ ಬರುತ್ತದೆ. ತಾಮ್ರದ ಔಷಧ ಕೊಡುವುದಾದರೆ ಪ್ರತ್ಯೇಕ ತೊಟ್ಟಿಯಲ್ಲಿ ಮಾತ್ರ, ಡಬ್ಬಿಯ ಮೇಲಿನ ಅಳತೆಯಂತೆ, ದಿನವೂ ಟೆಸ್ಟ್ ಕಿಟ್‌ನಿಂದ ಪರೀಕ್ಷಿಸುತ್ತಾ. ಅದು ಮುಖ್ಯ ತೊಟ್ಟಿಗೆ ಬಿದ್ದರೆ ಹವಳ, ಸೀಗಡಿ ಉಳಿಯುವುದಿಲ್ಲ. ಮುಖ್ಯ ತೊಟ್ಟಿಗೇ ರೋಗ ತಗುಲಿದ್ದರೆ ಎಲ್ಲ ಮೀನನ್ನೂ ಹೊರತೆಗೆದು, ಸುಮಾರು 76 ದಿನ ಆ ತೊಟ್ಟಿಯನ್ನು ಮೀನಿಲ್ಲದೆ ಹಾಗೆಯೇ ಬಿಡಬೇಕು. ಬೇಸರದ ಕೆಲಸ, ಆದರೆ ಅಡ್ಡದಾರಿಯಿಲ್ಲ. ಒಂದೇ ಬಲೆ, ಬಕೆಟ್ ಅನ್ನು ಎರಡೂ ತೊಟ್ಟಿಗೆ ಬಳಸಬೇಡಿ.

ಪ್ರತ್ಯೇಕ ತೊಟ್ಟಿ ಇಲ್ಲದವರು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ. ನನ್ನ ಬಳಿ 60 ಲೀಟರಿನ ಎರಡು ತೊಟ್ಟಿಗಳು ಖಾಲಿ ಇವೆ. ತಾಮ್ರದ ಟೆಸ್ಟ್ ಕಿಟ್ ಇರುವವರೂ ಹೇಳಿ, ಹಂಚಿಕೊಳ್ಳೋಣ.